ಬಲ ಅಂಚು ಮೇಲಾದ ರಾಜಕುಮಾರಿ

ಆ ಬೆಳಿಗ್ಗೆ ಎದುರಿನ ಮ್ಯೂಸಿಯಮ್ಮಿನಿಂದೆದ್ದ ಚೀತ್ಕಾರಕ್ಕೆ ನನ್ನ ನೂಡಲ್ಸ್ ಅಂಗಡಿಯ ನೂರು ಬಟ್ಟಲು ಒಡೆದವು. ಸರಿ, ಒಂದು.

ನಮ್ಮೂರ ರಾಜಕುಮಾರಿಯ ಕತೆ ಭಾನುವಾರದ ಟಿವಿ ಧಾರಾವಾಹಿಯಾದದ್ದೇ ತಡ, ಹಳೆಯ ಅಕ್ಕಿ ಗೋದಾಮು ಒಂದು ವರ್ಷದ ಮಟ್ಟಿಗೆ ಮ್ಯೂಸಿಯಂ ಆಗಿತ್ತು. ನಡುವೆ ಗೊಂಬೆ, ಅದರ ಮೈಮೇಲೆ ದೇವಾಲಯ ಎರವಲು ಕೊಟ್ಟ, ರಾಜಕುಮಾರಿಯದೇ ಕಿಮೊನೊ. ನಟಿ ಉಟ್ಟ ಅದರ ನಕಲು ಒಳಕೋಣೆಯ ಪೆಟ್ಟಿಗೆಯಲ್ಲಿತ್ತು.

ನಾನು ಓಡಿದೆ. ಹಿಂದೆಯೇ ಶಿಜು ಟೀಚರ್ ಬಂದರು. ಹೊಲಿಗೆ ಕಲಿಸಿ ನಿವೃತ್ತರಾದ ಅವರು ನಮ್ಮೂರ ಪತ್ತೇದಾರಿಣಿ. ನಾನು ಅವರ ಬಲಗೈ, ಒಮ್ಮೊಮ್ಮೆ ಮಿದುಳು.

ಗೊಂಬೆಯ ಕಿಮೊನೊದ ಬಲ ಅಂಚು ಎಡ ಅಂಚಿನ ಮೇಲೆ ಬಂದಿತ್ತು. ಕಿಮೊನೊ ಉಡುವಾಗ ಬದುಕಿದವರಿಗೆ ಎಡ ಅಂಚು ಮೇಲೆ. ಬಲ ಅಂಚು ಮೇಲಾಗುವುದು ಹೆಣಕ್ಕೆ ಮಾತ್ರ. ರಾಜಕುಮಾರಿ ರಾತ್ರೋರಾತ್ರಿ ಸತ್ತಿದ್ದಳು.

"ಶಾಪ! ಸಕಾಕಿ ಅಜ್ಜಿ ಮೊನ್ನೆ ತಾನೇ ಹೋದ್ರಲ್ಲ, ರಾಜಕುಮಾರಿ ವಂಶದ ಕೊನೇವ್ರು!" ಗೈಡ್ ತಮೆಗಾಯಿ ಅಳುತ್ತಿದ್ದಳು.

"ಸುಮ್ನಿರಮ್ಮ, ಸುದ್ದಿ ಹಬ್ಬಿದ್ರೆ ಮ್ಯೂಸಿಯಂ ಮುಚ್ಚಿಸ್ತಾರೆ, ನನ್ನ ಕೆಲಸಾನೂ ಹೋಗುತ್ತೆ," ಎಂದು ಮೇಲ್ವಿಚಾರಕ ನಗುಮೋ ಬೆವರಿದ.

ಈ ಇಬ್ಬರನ್ನು ಬಿಟ್ಟರೆ ಮ್ಯೂಸಿಯಮ್ಮಿನ ಕೀಲಿ ಇದ್ದ ಮೂರನೆಯವನು ಹಿರುಕಾವಾ, ಮೂಲೆಯಲ್ಲಿ ತಲೆತಗ್ಗಿಸಿ ನಿಂತಿದ್ದ. ಊರಿನ ಸಾವಿನ ಮನೆಗಳಿಗೆಲ್ಲ ಒದಗುವವನು. ಅವನ ಕಪ್ಪು ಕೋಟಿನ ಹೆಗಲಲ್ಲಿ ಉಪ್ಪಿನ ಹರಳು ಮಿನುಗುತ್ತಿತ್ತು.

"ನನ್ನ ಸಾರಿಗೆ ಆಸೆಪಟ್ಟು ಉಪ್ಪು ತಂದ್ಯೇನೋ?" ಎಂದೆ. ಅವನು ಹೆಗಲು ಒರೆಸಿಕೊಂಡ.

ಟೀಚರ್ ಗೊಂಬೆಯ ಅಂಚು ಮಡಚಿ ನೋಡಿ ಎಲ್ಲರನ್ನೂ ಕೂರಿಸಿದರು.

"ಶಾಪಕ್ಕೆ ಹೊಲಿಗೆ ಮಿಷನ್ ಬೇಕಿಲ್ಲ. ಈ ಹೊಲಿಗೆ ಮಿಷನ್ನಿಂದು. ಇದು ನಕಲು."

ನಗುಮೋ ಕುರ್ಚಿಯಿಂದ ಜಾರಿದ. "ಹಾಗಾದ್ರೆ ಅಸಲಿ?"

"ಕದ್ದವರು ಗೊಂಬೆಗೆ ನಕಲು ಉಡಿಸಿದ್ದಾರೆ. ತಮೆಗಾಯಿಗೆ ಕಿಮೊನೊ ಉಡಿಸೋಕೆ ಬರಲ್ಲ. ಇಲ್ಲಿ ಒಂದು ಸುಕ್ಕೂ ಇಲ್ಲ. ನಗುಮೋ ಅವರೇ, ನೀವು ಕದ್ದಿದ್ರೆ ಯಾರಿಗೂ ಅನುಮಾನ ಬಾರದ ಹಾಗೆ ಎಡ ಅಂಚನ್ನೇ ಮೇಲಿಡ್ತಿದ್ರಿ. ದಿನಾ ಹೆಣ ಸಿಂಗರಿಸೋ ಕೈಗೆ ಮಾತ್ರ ಬಲ ಅಂಚು ತಾನಾಗೇ ಮೇಲೆ ಬರುತ್ತೆ. ಸಾವಿನ ಮನೆಯಿಂದ ಬಂದು ಸೂತಕ ಕಳೆಯೋಕೆ ಉಪ್ಪು ಚಿಮುಕಿಸಿಕೊಂಡು ಒಳಗೆ ಬಂದ ನಿಮ್ಮ ಕೈಗೆ, ಹಿರುಕಾವಾ."

ಅವನು ಮಂಡಿಯೂರಿದ. "ಅಜ್ಜಿ ಸಾಯೋ ಮುಂಚೆ ಕೇಳಿದ್ರು ಟೀಚರ್, ನಮ್ಮ ಮನೆತನದ ಬಟ್ಟೇಲಿ ನನ್ನ ಕಳಿಸು ಅಂತ. ಶವಪೆಟ್ಟಿಗೆಯಲ್ಲಿ ಅವರಿಗೆ ಅಸಲಿ ಉಡಿಸಿ ಬಂದೆ. ಮಧ್ಯಾಹ್ನ ದಹನ."

ಅಜ್ಜಿಯ ಮನೆಗೆ ನಾನು ಓಡಿದೆ ನೋಡಿ, ಬುಲೆಟ್ ರೈಲು ನಾಚುವಂತೆ! ಟೀಚರ್ ಸೈಕಲ್ಲಿನಲ್ಲಿ ಮೊದಲೇ ತಲುಪಿದ್ದರು, ಅದು ಬೇರೆ ಮಾತು. ಮುಚ್ಚಳ ತೆಗೆದಾಗ ಅಜ್ಜಿ ಅಸಲಿಯಲ್ಲಿ ಮಲಗಿದ್ದರು, ಗೊಂಬೆಗಿಂತ ಹೆಚ್ಚು ರಾಜಕುಮಾರಿಯಾಗಿ. ಯಾರಿಗೂ ಮುಟ್ಟುವ ಧೈರ್ಯವಿಲ್ಲ.

"ಅಜ್ಜಿ ಪ್ರತಿ ಭಾನುವಾರ ಇವನ ನೂಡಲ್ಸ್ ಅಂಗಡಿಯ ಮೂಲೇಲಿ ಕೂತು ಧಾರಾವಾಹಿ ನೋಡೋರು," ಎಂದರು ಟೀಚರ್ ಮೆಲ್ಲಗೆ. "ಟಿವಿ ರಾಜಕುಮಾರಿ ಬಟ್ಟೇನೂ ಅವರಿಗೆ ಇಷ್ಟವೇ. ಹಿರುಕಾವಾ, ನಕಲನ್ನ ನೀವೇ ಉಡಿಸಿ. ಈ ಸಲ ಬಲ ಅಂಚು ಮೇಲಿದ್ರೇ ಸರಿ."

ಅಸಲಿ ಗೊಂಬೆಗೆ ಮರಳಿತು, ಎಡ ಅಂಚು ಮೇಲಾಗಿ. ನಕಲಿನ ಲೆಕ್ಕಕ್ಕೆ ನಗುಮೋ 'ಹುಳು ತಿಂದಿದೆ' ಎಂದು ಬರೆದ.

ಭಾನುವಾರ ಧಾರಾವಾಹಿ ಶುರುವಾದಾಗ ಅಂಗಡಿ ಕಿಕ್ಕಿರಿದಿತ್ತು, ಮೂಲೆಯ ಕುರ್ಚಿಯೊಂದನ್ನು ಬಿಟ್ಟು. ಅಲ್ಲಿ ಒಂದು ಬಟ್ಟಲು ಇಟ್ಟೆ. ಧಾರಾವಾಹಿ ಮುಗಿದಾಗ ನೋಡಿದರೆ ಅರ್ಧ ಖಾಲಿ.

ನಾನೇನೂ ಹೆದರಲಿಲ್ಲ. ನನ್ನ ಸಾರು ಅಂಥದ್ದು.