ಕೆಂಪಿನ ಮೇಲೆ ನೀಲಿ

ಮೂಲೆ ಮರದ ಗೂಡುಪೆಟ್ಟಿಗೆ ಖಾಲಿಯಾಗಿತ್ತು.

ಹಿಂದಿನ ದಿನ ಅದರಲ್ಲಿ ಮರಿಗಳಿದ್ದವು. ಈಗ ಒಂದೂ ಇಲ್ಲ. ಕಾಲೇಜಿನ ಹಿಂದಿನ ತೋಪಿನಲ್ಲಿ ಹಾಡುಹಕ್ಕಿಗಳ ಸಂಸಾರದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದ ಪದವಿ ವಿದ್ಯಾರ್ಥಿಗಳೆಲ್ಲ ಮರದ ಕೆಳಗೆ ಸೇರಿದ್ದರು. ಮೊದಲು ನೋಡಿದವಳು ತಕ್ಕಡಿ. ಮರಿಗಳನ್ನು ತೂಗುವ ಕೆಲಸ ಅವಳದು; ಅಡ್ಡಹೆಸರು ಹಾಗೇ ಅಂಟಿಕೊಂಡಿತ್ತು. ಅತ್ತು ಅತ್ತು ಅವಳ ಕಣ್ಣು ಊದಿದ್ದವು.

ಕಾಲೇಜಿನ ಭದ್ರತಾ ಅಧಿಕಾರಿ ಬಂದರು. ಪೊಲೀಸ್ ಕೆಲಸದಿಂದ ನಿವೃತ್ತರಾದ ಹೆಂಗಸು. ಹುಡುಗರ ಬಾಯಲ್ಲಿ ಇನ್ಸ್‌ಪೆಕ್ಟರಮ್ಮ. ಏಣಿ ಹತ್ತಿ ಇಣುಕಿದರು. ಹುಲ್ಲಿನ ಹಾಸು ಕದಲಿರಲಿಲ್ಲ. ಪೆಟ್ಟಿಗೆಯ ಚಿಲಕ ಭದ್ರವಾಗಿತ್ತು.

“ಬೆಕ್ಕು ಬಂದಿದ್ರೆ ಹೋಗುವಾಗ ಚಿಲಕ ಹಾಕ್ಕೊಂಡು ಹೋಗ್ತಿರ್ಲಿಲ್ಲ,” ಎಂದರು. “ನಿನ್ನ ಬಿಟ್ರೆ ಇದನ್ನ ಯಾರು ತೆಗೀತಾರಮ್ಮ?”

ತಕ್ಕಡಿ ನೆಲ ನೋಡಿದಳು. “ಗಡ್ಡನೂ ಒಂದ್ಸಲ ತೆಗ್ದಿದ್ದ.”

ನಿಜವೇ. ಗಡ್ಡ ಬಿಟ್ಟು ಆ ಹೆಸರು ಪಡೆದ ಸಹಪಾಠಿ ಅವನು; ಫೋಟೊದ ಹುಚ್ಚಿಗೆ ಪೆಟ್ಟಿಗೆ ತೆಗೆದು ಪ್ರಾಜೆಕ್ಟ್ ನಡೆಸುವ ಮೇಷ್ಟ್ರ ಹತ್ತಿರ ಬೈಸಿಕೊಂಡಿದ್ದ. ಹಕ್ಕಿ ಮಾರುವ ಅಂಗಡಿಯ ಮುಂದೆ ಅವನನ್ನು ಕಂಡೆ ಎಂದು ಇನ್ಯಾರೋ ಸೇರಿಸಿದರು. ಇನ್ಸ್‌ಪೆಕ್ಟರಮ್ಮ ಅವನ ಚೀಲ ತೆಗೆದುಕೊಂಡು ಎಲ್ಲರೆದುರು ಕಲ್ಲುಬೆಂಚಿನ ಮೇಲೆ ಸುರಿದರು. ಕ್ಯಾಮೆರಾ ಬಿತ್ತು. ಒಣಗಿದ ಬ್ರೆಡ್ಡು ಬಿತ್ತು. ತೇಪೆ ಹಾಕಿದ ಕಾಲುಚೀಲ ಬಿತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಗಡ್ಡ ಒಂದೊಂದನ್ನೇ ಎತ್ತಿ ಒಳಗಿಟ್ಟುಕೊಂಡ.

ಸಂಜೆಯೊಳಗೆ ನಿಜ ಹೇಳದಿದ್ದರೆ ಪ್ರಾಜೆಕ್ಟಿನಿಂದ ತೆಗೆಯುತ್ತೇನೆ ಎಂದರು ಮೇಷ್ಟ್ರು. ಪ್ರಾಜೆಕ್ಟ್ ಹೋದರೆ ಅವನ ಡಿಗ್ರಿಯೂ ಈ ವರ್ಷಕ್ಕಿಲ್ಲ. ತಕ್ಕಡಿ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ತಿರುಗಿ ಲ್ಯಾಬಿನತ್ತ ನಡೆದಳು.

* * *

ಮಧ್ಯಾಹ್ನ ಇನ್ಸ್‌ಪೆಕ್ಟರಮ್ಮ ಅಂಗಡಿಗೆ ಹೋಗಿ ವಿಚಾರಿಸಿದರು. ಗಡ್ಡ ಹೋಗಿದ್ದು ನಿಜ; ಪಂಜರದ ಹಕ್ಕಿಗಳನ್ನು ಬಿಟ್ಟುಬಿಡಿ ಎಂದು ಜಗಳವಾಡಿ ಬಂದಿದ್ದನಂತೆ. ಅವರಿಗೆ ಬೆಂಚಿನ ಮೇಲಿನ ಕಾಲುಚೀಲ ನೆನಪಾಯಿತು.

ತೋಪಿಗೆ ಮರಳಿದಾಗ ಮೇಷ್ಟ್ರು ಅಲ್ಲೇ ಇದ್ದರು; ಮೂಲೆ ಮರದ ತುದಿಯಲ್ಲಿ ಗಂಡು ಹಕ್ಕಿ ಹಾಡುತ್ತಲೇ ಇತ್ತು.

“ಬೆಳಗ್ಗೆಯಿಂದ ಬಾಯಿ ಮುಚ್ಚಿಲ್ಲ. ಮಕ್ಕಳು ಹೋದ ಸಂಕಟಾನಾ ಸಾರ್?”

“ಸಂಕಟ ಅಲ್ಲ ಮೇಡಂ. ಹೀಗೆ ಹಾಡೋದು ಹೆಣ್ಣನ್ನ ಕರೆಯೋಕೆ. ಜೋಡಿಯಾದ್ಮೇಲೆ ಕಮ್ಮಿ ಮಾಡುತ್ತೆ...” ಮೇಷ್ಟ್ರು ಮಾತನ್ನು ಅಲ್ಲಿಗೇ ತಡೆದರು.

“ಹಾಗಾದ್ರೆ ಇದರ ಹೆಂಡತಿ ಎಲ್ಲಿ?”

ಮರಿ ಕದಿಯುವವರಿಗೆ ತಾಯಿ ಸುಲಭಕ್ಕೆ ಸಿಗುವುದಿಲ್ಲ. ಹಿಡಿಯಲು ಬಲೆ ಬೇಕು. ಬಲೆಯಿದ್ದದ್ದು ಲ್ಯಾಬಿನಲ್ಲಿ. ಪ್ರಾಜೆಕ್ಟಿನವರದೇ ಕೈಯಾದರೆ ಮರಿಗಳು ಬೇರೆ ಗೂಡು ಸೇರಿರಲೂಬಹುದು. ಇಬ್ಬರೂ ಉಳಿದ ಪೆಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ನೋಡುತ್ತಾ ಹೋದರು.

* * *

ಸಂಜೆ ಅದೇ ಬೆಂಚಿನ ಸುತ್ತ ಎಲ್ಲರನ್ನೂ ಕರೆಸಿದರು. ಇನ್ಸ್‌ಪೆಕ್ಟರಮ್ಮನ ಅಂಗೈಯಲ್ಲಿ ಒಂದು ಮರಿಯಿತ್ತು.

“ಗೂಡು ಗೊತ್ತಾಗ್ಲಿ ಅಂತ ಮರಿಗಳ ಉಗುರಿಗೆ ಬಣ್ಣ ಹಚ್ತೀರಿ. ಮೂಲೆ ಮರಕ್ಕೆ ಕೆಂಪು, ಟ್ಯಾಂಕಿನ ಪಕ್ಕದ್ದಕ್ಕೆ ನೀಲಿ. ಇದು ಸಿಕ್ಕಿದ್ದು ಟ್ಯಾಂಕಿನ ಪಕ್ಕ. ನೀಲಿನೇ ಇದೆ. ಆದ್ರೆ ಅಂಚಲ್ಲಿ ನೋಡಿ, ಕೆಳಗಿಂದ ಕೆಂಪು ಇಣುಕ್ತಿದೆ. ನಮ್ಮನೇಲಿ ತಂಗಿ ಮಗಳೂ ಹೊರಡೋ ಅವಸರದಲ್ಲಿ ಹೀಗೇ ಮಾಡ್ತಾಳೆ, ಹಳೇದರ ಮೇಲೇ ಬಳಿದುಬಿಡ್ತಾಳೆ.”

ಯಾರೂ ನಗಲಿಲ್ಲ.

“ಕಳ್ಳನಿಗೆ ಮರಿ ಸಾಕು, ಬಣ್ಣ ಬದಲಾಯಿಸೋ ಉಸಾಬರಿ ಯಾಕೆ? ಒಂದೇ ವಯಸ್ಸಿನ ಮರಿಗಳು ಯಾವ್ಯಾವ ಗೂಡಲ್ಲಿವೆ ಅಂತ ತಿಳಿದವರೇ ಇವನ್ನ ಹಂಚಿರೋದು. ಅದು ಗೊತ್ತಿರೋದು ತೂಗೋರಿಗೆ.” ಅವರ ದನಿ ಇಳಿಯಿತು. “ತಾಯಿ ಎಲ್ಲಮ್ಮ?”

ತಕ್ಕಡಿ ಮುಖ ಮುಚ್ಚಿಕೊಂಡಳು.

ಹಿಂದಿನ ದಿನ ತಾಯಿಹಕ್ಕಿಯ ಕಾಲಿಗೆ ಗುರುತಿನ ಉಂಗುರ ಹಾಕಲು ಅವಳೊಬ್ಬಳೇ ಬಲೆ ಕಟ್ಟಿದ್ದಳು. ಕಟ್ಟಿದ ಬಲೆಯಿಂದ ಕಣ್ಣು ತೆಗೆಯಬಾರದು ಎಂಬುದು ಅವರು ಮೊದಲು ಕಲಿತ ಪಾಠ. ಮರೆತುಬಂದಿದ್ದ ತೂಕದ ತಕ್ಕಡಿಯನ್ನು ತರಲು ಲ್ಯಾಬಿಗೆ ಹೋದಳು, ಗೆಳತಿ ಸಿಕ್ಕಳು, ಮಾತು ಬೆಳೆಯಿತು. ಬಂದು ನೋಡಿದರೆ ಹಕ್ಕಿ ಬಲೆಯ ದಾರಕ್ಕೆ ಸಿಕ್ಕಿಕೊಂಡು ಸತ್ತಿತ್ತು. ಮರದ ಬುಡದಲ್ಲೇ ಹೂತಳು. ಗಂಡೊಂದೇ ಅಷ್ಟು ಬಾಯಿ ತುಂಬಿಸಲಾರದೆಂದು ಮರಿಗಳನ್ನು ಬೇರೆ ಗೂಡುಗಳಿಗೆ ಹಂಚಿದಳು. ಹೇಳಲು ಮಾತ್ರ ನಾಚಿಕೆಯಾಯಿತು.

“ಮರಿಗಳನ್ನ ಉಳಿಸಿದ್ದಕ್ಕೆ ಶಭಾಷ್ ಅಂತೀನಿ ಕಣೇ,” ಎಂದರು ಇನ್ಸ್‌ಪೆಕ್ಟರಮ್ಮ. “ಹುಡುಗನ್ನ ಮುಳುಗಿಸಿದ್ದಕ್ಕೆ ಏನನ್ಲಿ? ನಾನೂ ಅನ್ನೋ ಹಾಗಿಲ್ಲ. ಚೀಲ ಸುರಿದಿದ್ದು ಈ ಕೈಯೇ.”

ಬೆಳಿಗ್ಗೆ ನಕ್ಕವರೆಲ್ಲ ಅಲ್ಲೇ ಇದ್ದರು. ಅವರೆದುರೇ ಇನ್ಸ್‌ಪೆಕ್ಟರಮ್ಮ ಗಡ್ಡನತ್ತ ತಿರುಗಿದರು. “ತಪ್ಪಾಯ್ತಪ್ಪ.”

ಮೇಷ್ಟ್ರೂ ತಲೆ ತಗ್ಗಿಸಿ ಅದನ್ನೇ ಹೇಳಿದರು. ತಕ್ಕಡಿಗೆ ಹೇಳಲಾಗಲಿಲ್ಲ.

“ಪರವಾಗಿಲ್ಲ ಬಿಡಿ,” ಎಂದ ಗಡ್ಡ. “ಮರಿಗೆ ಚಳಿ ಹಿಡೀತಿದೆ. ಗೂಡಿಗೆ ಬಿಡಿ ಮೊದ್ಲು.”

ಅಷ್ಟು ಹೇಳುವಾಗಲೂ ಅವನ ಎರಡೂ ಕೈ ಚೀಲದ ಬಾಯನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದವು.