ಕಾಟಮ್ಮನ ನೀರುಗುಳ್ಳೆ

ಅಟ್ಟದಿಂದ ಕಾಯಿ ಇಳಿಸುವ ಕಾಲ ಬಂದರೆ ನನಗೆ ಈಗಲೂ ಬಿಳಿಗೆರೆಯ ದ್ರಾಕ್ಷಾಯಣಮ್ಮನವರದೇ ನೆನಪು. ಚರ್ಮದ ಡಾಕ್ಟರಾಗಿ ನಿವೃತ್ತರಾದ ಅವರು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕೊಬ್ಬರಿ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರು. ಯಾರಿಂದಲೂ ಬಗೆಹರಿಯದ ತಕರಾರುಗಳು ಅವರ ಜಗಲಿಗೇ ಬರುತ್ತಿದ್ದವು. ಅವರ ಕೈಕೆಳಗೆ ನರ್ಸಾಗಿದ್ದ ನಾನು, ನಿರ್ಮಲಾ, ನಿವೃತ್ತಿಯಾದ ಮೇಲೂ ಅವರ ಬೆನ್ನು ಬಿಡಲಿಲ್ಲ.

ಕಾಯಿ ಇಳಿಸುತ್ತಿದ್ದ ಅಂಥದೊಂದು ದಿನ ಹುಳಿಯಾರು ಕಡೆಯ ಹಟ್ಟಿಯಿಂದ ಚಿತ್ತೇಶ್ ಬಂದ. ಅವನ ತಾಯಿ ಕಾಟಮ್ಮನ ಮೈಮೇಲೆಲ್ಲ ನೀರುಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುವ ಕರಿಗೇರಿನ ರಸ ತಾಕಿದರೆ ಚರ್ಮ ಹೀಗೇ ಏಳುತ್ತದೆ. ಅದನ್ನು ಮೈಗೆ ಹಚ್ಚುವ ಎಣ್ಣೆಗೆ ಬೆರೆಸಿದವಳು ಹೊಸ ಸೊಸೆ ಧನುಶ್ರೀಯೇ ಎಂದು ತೀರ್ಮಾನಿಸಿ, ಹಟ್ಟಿಯವರು ಅವಳನ್ನು ತವರಿಗೆ ಅಟ್ಟಲು ಹೊರಟಿದ್ದರು.

“ಅವ್ಳು ನಮ್ಮ ಸೋದರಮಾವನ ಮಗಳು ಕಣ್ರಮ್ಮ. ಬುಟ್ಟು ಬದುಕಾಕಾಗಲ್ಲ,” ಎಂದು ಅವನು ಕಣ್ಣೊರೆಸಿಕೊಂಡ. ನಾನಂತೂ ಮನಸ್ಸಿನಲ್ಲೇ, ಇದು ಸೊಸೆಯ ಕೈವಾಡವೇ ಸರಿ ಅಂದುಕೊಂಡೆ.

ಹಟ್ಟಿಗೆ ಕಾಲಿಟ್ಟವರೇ ದ್ರಾಕ್ಷಾಯಣಮ್ಮ ಹಗ್ಗದ ಮೇಲಿದ್ದ ಕಾಟಮ್ಮನ ರವಿಕೆಗಳನ್ನು ತಿರುವಿ ನೋಡಿದರು. ಎಲ್ಲೂ ಕಪ್ಪು ಕಲೆಯಿರಲಿಲ್ಲ. ಅದೇ ಎಣ್ಣೆಯನ್ನು ತಾನೂ ಹಚ್ಚಿಕೊಂಡಿದ್ದೆ ಎಂದ ಅವಳ ಗಂಡ ಕ್ಯಾತಣ್ಣ. ಕಾಟಮ್ಮ ಆರಿದ ಅಂಬಲಿಯನ್ನೂ ಮುಖ ಹಿಂಡಿಕೊಂಡು ಕುಡಿಯುತ್ತಿದ್ದಳು. ಅವಳ ಕರೆಗಟ್ಟಿದ ಹಲ್ಲು ನೋಡಿದ ಡಾಕ್ಟರಮ್ಮ, ಎಲೆಯಡಿಕೆ ಬಿಟ್ಟದ್ದು ಯಾವಾಗ ಎಂದು ಕೇಳಿದರೆ, ಮಗನ ಮದುವೆಗೂ ಮೊದಲೇ ಎಂದಳು. ಅವಳ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಇಂಥದೇ ಗುಳ್ಳೆಗಳಿಂದ ಸತ್ತಿದ್ದಳೆಂದೂ, ದೇವರ ಮುನಿಸೆಂದು ಹೆದರಿ ಯಾರೂ ಆ ಮಾತೆತ್ತುವುದಿಲ್ಲವೆಂದೂ ಕ್ಯಾತಣ್ಣ ದನಿ ತಗ್ಗಿಸಿ ಹೇಳಿದ. ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದ ಡಾಕ್ಟರಮ್ಮ, ಅದರ ಫಲಿತಾಂಶ ಬರುವವರೆಗೆ ಸೊಸೆಯನ್ನು ಕಳಿಸಕೂಡದೆಂದು ಅವನಿಂದ ಮಾತು ತೆಗೆದುಕೊಂಡರು.

ಫಲಿತಾಂಶ ಬಂದ ದಿನ ಬೇವಿನ ಮರದಡಿ ಹಟ್ಟಿಯೆಲ್ಲ ಸೇರಿತು.

“ಕರಿಗೇರು ಆಗಿದ್ರೆ ಬಟ್ಟೆಗೆ ಒಗೆದ್ರೂ ಹೋಗದ ಕಪ್ಪು ಹತ್ತಬೇಕಿತ್ತು,” ಎಂದರು ದ್ರಾಕ್ಷಾಯಣಮ್ಮ. “ಅದೇ ಎಣ್ಣೆಯಿಂದ ಕ್ಯಾತಣ್ಣನಿಗೆ ಏನೂ ಆಗಿಲ್ಲ. ಕಾಟಮ್ಮ ಎಲೆಯಡಿಕೆ ಬಿಟ್ಟಿದ್ದು ಬಾಯಿಹುಣ್ಣಿನಿಂದ. ಹುಣ್ಣು ಮೊದಲು ಬಂತು, ಸೊಸೆ ಆಮೇಲೆ ಬಂದಳು. ಇದು ಮೈಯೇ ತನ್ನ ಚರ್ಮದ ಮೇಲೆ ತಿರುಗಿ ಬೀಳೋ ಕಾಯಿಲೆ. ಪರೀಕ್ಷೇಲೂ ಅದೇ ಗೊತ್ತಾಯ್ತು. ಅಂಟೋದಲ್ಲ, ಔಷಧಿ ಇದೆ. ಈ ಕೆಲವೇ ಹಟ್ಟಿಗಳೊಳಗೆ ಹೆಣ್ಣು ಕೊಟ್ಟು ತರ್ತೀರಲ್ಲ, ಇದಕ್ಕೆ ಬೇಗ ಈಡಾಗೋ ಗುಣ ರಕ್ತದಲ್ಲೇ ಇಳಿದು ಬಂದಿರಬಹುದು. ಸೋದರತ್ತೆಗೂ ಇದೇ ಬಂದಿತ್ತು ಅಂತ ಕಾಣುತ್ತೆ.”

ಕಾಟಮ್ಮ ಕೇಳಿದಳು: “ಧನು ನಮ್ಮಣ್ಣನ ಮಗಳು. ಆ ರಕ್ತ ಅವಳಲ್ಲೂ ಐತಲ್ವಾ ಡಾಕ್ಟ್ರಮ್ಮ?”

“ಇರಬಹುದು. ಇದ್ರೂ ಹೆಚ್ಚಿನವರಿಗೆ ಕಾಯಿಲೆ ಬರಲ್ಲ.”

ಬಟ್ಟೆ ಗಂಟು ಹಿಡಿದು ಮನೆ ಬಾಗಿಲಲ್ಲಿ ನಿಂತಿದ್ದ ಸೊಸೆಯ ಬಳಿಗೆ ಕಾಟಮ್ಮ ಎದ್ದು ಹೋದಳು.

“ಬಾಯಿ ತೆಗಿ ಕಣೇ, ನೋಡಾನ.”

ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ, ಅವಳ ಬಾಯೊಳಗೆಲ್ಲ ಹುಣ್ಣಿಗಾಗಿ ಹುಡುಕತೊಡಗಿದಳು. ಧನುಶ್ರೀ ಬಾಯಿ ತೆರೆದುಕೊಂಡೇ ಅತ್ತಳು.