ಮೂರು ಸುತ್ತು ಕೆಂಪು ಟೇಪ್

ಚಾಕು ನನ್ನ ದವಡೆಯ ಕೆಳಗಿತ್ತು.

"ಲಿಫ್ಟ್ ಮೆಕ್ಯಾನಿಕ್ ಕೇಸ್ ಬಿಟ್ಟುಬಿಡು. ನಾಳೆ ಕೋರ್ಟಿಗೆ ಬಂದ್ಯೋ... ನಿನ್ನ ಕತೆ ಮುಗೀತು!"

ಮಟಮಟ ಮಧ್ಯಾಹ್ನ. ಪಾರ್ಕಿಂಗ್ ಕಟ್ಟಡದ ಮೂರನೇ ಮಹಡಿ. ನನ್ನ ಬೆನ್ನು ಗೋಡೆಗೆ, ಅವನ ಮೊಣಕಾಲು ನನ್ನ ಹೊಟ್ಟೆಗೆ.

"ಯಾರು ಕಳಿಸಿದ್ದು?"

"ಬದುಕಿದ್ರೆ ತಾನೇ ತಿಳ್ಕೊಂಡು ಪ್ರಯೋಜನ!"

ಅವನ ಕಾಲ್ಬೆರಳ ಮೇಲೆ ಹಿಮ್ಮಡಿ ಊರಿದೆ. ಚಾಕು ಜಾರಿ ನನ್ನ ಕೆನ್ನೆ ಸೀಳಿತು. ಅವನು ಓಡಿದ. ನಾನು ಬಿಟ್ಟೆನೇ? ಮೂರು ಮಹಡಿ, ಐವತ್ತನಾಲ್ಕು ಮೆಟ್ಟಿಲು. ಬೀದಿಗೆ ಬಂದಾಗ ಒಂದು ಬಸ್ ಅಡ್ಡ ಬಂತು. ಬಸ್ ಹೋಯಿತು. ಅವನೂ ಹೋಗಿದ್ದ.

ಚಾಕು ಮಾತ್ರ ಕಣ್ಣಲ್ಲೇ ಇತ್ತು. ಹಿಡಿಗೆ ಕೆಂಪು ಟೇಪ್. ಮೂರು ಸುತ್ತು.

ಕೆನ್ನೆಗೆ ಕರ್ಚೀಫ್ ಒತ್ತಿಕೊಂಡು ನೇರ ಮೆಡಿಕಲ್ ಶಾಪಿಗೆ ಹೋದೆ. ಹತ್ತಿ ಬೇಕಿತ್ತು. ಸಾಕ್ಷಿಯೂ ಬೇಕಿತ್ತು.

ಎರಡು ವರ್ಷದ ಹಿಂದೆ ಆ ಅಂಗಡಿಯಲ್ಲೇ ಅದರ ಒಡತಿಯ ಗಂಡನ ಕೊಲೆಯಾಯಿತು. ಆಕೆ ಕಣ್ಣಾರೆ ಕಂಡಿದ್ದರು. ಆಗ ನಾನು ಪೊಲೀಸ್. ಆರು ಫೋಟೋ ಆಕೆಯ ಮುಂದೆ ಹರಡಿದವನು ನಾನೇ. "ಇವನು... ಇರಬಹುದು" ಅಂತ ಮೆಕ್ಯಾನಿಕ್‌ನ ಫೋಟೋ ಮೇಲೆ ಬೆರಳಿಟ್ಟರು.

"ಶಭಾಷ್ ಅಮ್ಮಾ!" ಅಂದೆ.

ಕೋರ್ಟಿಗೆ ಹೋಗುವಷ್ಟರಲ್ಲಿ 'ಇರಬಹುದು' ಹೋಗಿ 'ನೂರಕ್ಕೆ ನೂರು' ಆಗಿತ್ತು. ಜೀವಾವಧಿ!

ಕೊಲೆಗೆ ಒಂದು ವಾರ ಮೊದಲು ಮೆಕ್ಯಾನಿಕ್ ಆ ಅಂಗಡಿ ಇರೋ ಕಟ್ಟಡದ ಲಿಫ್ಟ್ ರಿಪೇರಿಗೆ ಬಂದಿದ್ದನಂತೆ. ಆಕೆಗೆ ಆ ಮುಖ ಎಲ್ಲೋ ಕಂಡ ಹಾಗಿತ್ತು, ಅಷ್ಟೇ. ಅದು ನನಗೆ ತಿಳಿದದ್ದು ನೌಕರಿ ಬಿಟ್ಟು, ಅವನ ಲಾಯರ್ ಪರವಾಗಿ ಪತ್ತೇದಾರಿ ಶುರು ಮಾಡಿದ ಮೇಲೆ. ನಾಳೆ ಅಪೀಲು. ಹೊಸ ಸಾಕ್ಷಿ ಕೇಳೋಕೆ ಕೋರ್ಟು ಒಪ್ಪಿತ್ತು. ಅದೇ ಕೊನೇ ಚಾನ್ಸ್.

"ಏನ್ ಸಾರ್ ಇದು, ಮುಖವೆಲ್ಲ ರಕ್ತ!" ಅಂದರು ಆಕೆ.

"ಅಮ್ಮಾ, ಅವತ್ತಿನ ಚಾಕು ಹೇಗಿತ್ತು?"

ಟೇಪ್ ಅಂತ ನಾನಾಗಿ ಬಾಯಿ ಬಿಡಲಿಲ್ಲ. ಒಂದು ಸಲ ಬಾಯಿ ಬಿಟ್ಟು ಮಾಡಿದ ಘನಕಾರ್ಯವೇ ಸಾಕಾಗಿತ್ತು.

"ಹಿಡಿಗೆ ಕೆಂಪು ಟೇಪ್. ಮೂರು ಸುತ್ತು." ಆಕೆ ಒಂದಿಷ್ಟೂ ತಡವರಿಸಲಿಲ್ಲ. "ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

"ಅದೇ ಚಾಕು ಈಗ ತಾನೇ ನನ್ನ ಕೆನ್ನೆ ಸೀಳಿತು. ಮೆಕ್ಯಾನಿಕ್ ಜೈಲಲ್ಲಿದ್ದಾನೆ!"

ಹತ್ತಿ ಹಿಡಿದಿದ್ದ ಕೈ ಅಲ್ಲೇ ನಿಂತಿತು.

"ಚಾಕು ಇನ್ನೊಬ್ಬನ ಕೈಗೆ ಹೋಗಿರಬಹುದು. ಮುಖ ಹೋಗುತ್ತಾ? ಕಣ್ಣು ಮುಚ್ಚಿದರೆ ಅವನೇ ಬರ್ತಾನೆ."

"ಬರೋದು ಅವನಾ... ನಾನು ತೋರಿಸಿದ ಫೋಟೋನಾ?"

"ಅವತ್ತು ನಾನು 'ಇರಬಹುದು' ಅಂದೆ. ಶಭಾಷ್ ಅಂದಿದ್ದು ಯಾರು? ನೀವು ತಾನೇ! ಎರಡು ವರ್ಷ ಅವನಿಗೆ ಶಾಪ ಹಾಕಿಕೊಂಡು ಬದುಕಿದೀನಿ. ಈಗ ಯಾರಿಗೆ ಹಾಕಲಿ... ನಿಮಗಾ?"

ಪ್ಲಾಸ್ಟರ್ ಅಂಟಿಸಿಕೊಂಡು ಸ್ಟೇಷನ್ನಿಗೆ ಹೋದೆ.

ಈಗಿನ ಇನ್ಸ್‌ಪೆಕ್ಟರ್ ನನ್ನ ಕೈಕೆಳಗೆ ಪಳಗಿದವನು. ಆರು ಫೋಟೋ ಟೇಬಲ್ ಮೇಲೆ ಹರಡಿದ.

"ನೋಡಿ ಗುರುಗಳೇ, ಒಬ್ಬನನ್ನ ತೋರಿಸಿ ಸಾಕು. ಇವತ್ತೇ ಎತ್ತಾಕ್ಕೊಂಡು ಬರ್ತೀನಿ. ನಿಮ್ಮ ಮೆಕ್ಯಾನಿಕ್‌ಗೂ ದಾರಿ ಆಗುತ್ತೆ."

ನೋಡಿದೆ. ಇಪ್ಪತ್ತೆರಡು ವರ್ಷದ ಸರ್ವೀಸು! ಗೇಣು ದೂರದಲ್ಲಿ ನಿಂತು ಮುಖದ ಮೇಲೆ ಉಸಿರು ಬಿಟ್ಟ ಆಸಾಮಿ. ಮೂಗು? ಮೀಸೆ? ಊಹೂಂ... ಚಾಕು ಬಿಟ್ಟರೆ ಏನೂ ಇಲ್ಲ.

"ಮೂರನೆಯವನು... ಇರಬಹುದು."

"ಶಭಾಷ್ ಗುರುಗಳೇ! ನನಗೂ ಅವನ ಮೇಲೇ ಡೌಟಿತ್ತು."



ಆ ಒಂದು ಮಾತಿಗೆ ಮೂರನೆಯವನ ಮುಖ ಫೋಟೋದಿಂದ ಎದ್ದು ಬಂದು ಚಾಕುವಿನ ಹಿಂದೆ ಸರಿಯಾಗಿ ಕೂತಿತು. ಮೂಗು, ಮೀಸೆ, ಎಲ್ಲ!

"ಹೇಳಿಕೆಗೆ ಸೈನ್ ಹಾಕಿ."

ಹಾಕಿದರೆ, ನಾನು ಒಳಗೆ ತಳ್ಳಿದವನು ಹೊರಗೆ. ಇನ್ನೊಬ್ಬ ಯಾವನೋ ಒಳಗೆ.

ಪೆನ್ನು ತಗೊಂಡೆ. 'ಚಾಕು ಗೊತ್ತು, ಮುಖ ಗೊತ್ತಿಲ್ಲ' ಅಂತ ಬರೆದು ಸೈನ್ ಹಾಕಿದೆ.

"ತಲೆ ಕೆಟ್ಟಿದೆಯಾ ಸಾರ್ ನಿಮಗೆ? ಮೆಕ್ಯಾನಿಕ್ ಒಳಗೇ ಕೊಳೀತಾನೆ!"

ಕೊಳೆಯುತ್ತಿದ್ದಾನೆ. ಮರುದಿನ ಕೋರ್ಟಿನಲ್ಲಿ ಚಾಕು, ಟೇಪ್, ನನ್ನ ಶಭಾಷ್, ಎಲ್ಲವನ್ನೂ ಹೇಳಿದೆ. ನೂರಕ್ಕೆ ನೂರು ಅಂದವರ ಎದುರು 'ಗೊತ್ತಿಲ್ಲ' ಅಂದವನು ಎಷ್ಟು ಹೊತ್ತು ನಿಂತಾನು? ಅಪೀಲು ವಜಾ.

ಇಷ್ಟು ವರ್ಷದಲ್ಲಿ ನಾನು ನುಡಿದ ಒಂದೇ ಒಂದು ಪಕ್ಕಾ ಸಾಕ್ಷಿ ಅದು.

ಯಾರೂ ಶಭಾಷ್ ಅನ್ನಲಿಲ್ಲ.